ಹಾರ್ಮೋನು ಕೂಗಿದರೆ ಸಾಲದು, ಕೇಳುವವರು ಬೇಕು



ಹೊಸೂರು, ಬಾಗಲೂರು, ಶೂಲಗಿರಿ, ಕೆಲಮಂಗಲ, ಡೆಂಕಣಿಕೋಟೆ ಸುತ್ತಮುತ್ತಲಿನ ಹಳ್ಳಿಗಳಿಂದ ಬರುವ ನಿಮ್ಮಲ್ಲಿ ಹಲವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಸ್ವಂತ ಮನೆಯಲ್ಲಿ ಇಲ್ಲದಿದ್ದರೂ ನೆಂಟರ ಮನೆಯಲ್ಲೋ ಪಕ್ಕದ ಮನೆಯಲ್ಲೋ ನೋಡಿಯೇ ಇರುತ್ತೀರಿ. ಹುಳು ಜ್ವರಕ್ಕೆ ಕೂತಾಗ ನೀವು ಸೊಪ್ಪು ತಗೊಂಡು ಹೋದರೆ, "ಈಗ ಹಾಕಬೇಡ, ಜ್ವರದಿಂದ ಏಳಲಿ" ಅಂತ ಅಜ್ಜಿ ತಡೆದಿರ್ತಾರೆ. ಆ ಹೊತ್ತಿನಲ್ಲಿ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿರುತ್ತದೆ. ಸುಮಾರು ಒಂದು ದಿನ ಕಳೆದ ಮೇಲೆ ಹಳೇ ಚರ್ಮ ಕಳಚಿ ಎದ್ದು ಮತ್ತೆ ಸೊಪ್ಪಿಗೆ ಬಾಯಿ ಹಾಕುತ್ತದೆ. ನಮ್ಮ ರೈತರು ಇದನ್ನ ಜ್ವರ ಅನ್ನುತ್ತಾರೆ. ಪುಸ್ತಕದಲ್ಲಿ ಪೊರೆ ಬಿಡುವುದು ಅಂತ ಇರುತ್ತದೆ. ಮೈ ಬಿಸಿಯಾಗುವ ಜ್ವರಕ್ಕೂ ಇದಕ್ಕೂ ಸಂಬಂಧವಿಲ್ಲ.

ಹತ್ತನೇ ತರಗತಿಯಲ್ಲಿ ಹಾರ್ಮೋನುಗಳ ಪಾಠ ಮುಗಿಸಿದ ದಿನ ನಾನು ಒಂದು ಪ್ರಶ್ನೆ ಕೇಳಿದೆ. "ಹಾರ್ಮೋನು ಅಂದ್ರೇನು?" "ನಿರ್ನಾಳ ಗ್ರಂಥಿಗಳು ಸ್ರವಿಸುವ ರಾಸಾಯನಿಕ ದೂತ, ಸಾರ್" ಅಂತ ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. "ಸರಿ, ದೂತ ಸುದ್ದಿ ತಂದ. ಯಾರಿಗೆ ತಂದ? ಅವರು ಅದನ್ನ ಹೇಗೆ ಕೇಳಿಸಿಕೊಂಡರು?" ಅಂದೆ. ಯಾರೂ ಮಾತಾಡಲಿಲ್ಲ. ಕೊನೇ ಬೆಂಚಿನ ಹುಡುಗ ಒಬ್ಬ ಮಾತ್ರ ಮೆಲ್ಲಗೆ, "ಹುಳ ಜ್ವರಕ್ಕೆ ಕೂರೋದೂ ಹಾರ್ಮೋನಿಂದಾನಾ ಸಾರ್?" ಅಂತ ಕೇಳಿದ.

ಅವನಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ನಿಮಗೂ ಬರೆಯುತ್ತಿದ್ದೇನೆ. ಜೊತೆಗೆ ನನ್ನ ಒಂದು ಅಭಿಪ್ರಾಯವನ್ನೂ ನೇರವಾಗಿ ಹೇಳಿಬಿಡ್ತೀನಿ. ಹಾರ್ಮೋನಿನ ಪಾಠವನ್ನು ನಾವು ಅರ್ಧಕ್ಕೇ ನಿಲ್ಲಿಸುತ್ತಿದ್ದೇವೆ. ಯಾವ ಗ್ರಂಥಿ, ಯಾವ ಹಾರ್ಮೋನು, ಹೆಚ್ಚಾದರೆ ಯಾವ ಕಾಯಿಲೆ, ಕಡಿಮೆಯಾದರೆ ಯಾವ ಕಾಯಿಲೆ ಅಂತ ಪಟ್ಟಿ ಬರೆಸಿ ಪುಸ್ತಕ ಮುಚ್ಚುತ್ತೇವೆ. ಹಾರ್ಮೋನನ್ನು ಕೇಳಿಸಿಕೊಳ್ಳುವ ಗ್ರಾಹಕ, ಆ ಗ್ರಾಹಕದ ಜೊತೆ ನಿಲ್ಲುವ ಪ್ರೋಟೀನುಗಳು, ಇವುಗಳ ಮಾತೇ ಬರುವುದಿಲ್ಲ. ಆದರೆ ಮೈಯಲ್ಲಿ ಏನು ನಡೆಯಬೇಕು ಅಂತ ತೀರ್ಮಾನವಾಗುವುದು ಅಲ್ಲೇ. ಆ ಅರ್ಧ ಗೊತ್ತಿಲ್ಲದಿದ್ದರೆ ಹುಳುಮನೆಯಲ್ಲೂ ನಷ್ಟ, ನಮ್ಮ ಮೈಗೂ ನಷ್ಟ.

ಸೊಪ್ಪಿನಿಂದ ಹುಟ್ಟುವ ಹಾರ್ಮೋನು

ಹುಳುವನ್ನು ಜ್ವರಕ್ಕೆ ಕೂರಿಸುವ ಹಾರ್ಮೋನಿನ ಹೆಸರು ಎಕ್ಡೈಸೋನ್. ಇದು ಸ್ಟೆರಾಯ್ಡ್ ಗುಂಪಿಗೆ ಸೇರಿದ್ದು. ಸ್ಟೆರಾಯ್ಡ್ ಅಂದ ಕೂಡಲೇ ನಿಮಗೆ ಮಾತ್ರೆ, ಇಂಜೆಕ್ಷನ್ ನೆನಪಾಗಬಹುದು. ಹಾಗಲ್ಲ. ಇಂಗಾಲದ ನಾಲ್ಕು ಉಂಗುರಗಳು ಒಂದಕ್ಕೊಂದು ಅಂಟಿಕೊಂಡಿರುವ ಒಂದು ಜಾತಿಯ ಅಣುಗಳಿಗೆ ಸ್ಟೆರಾಯ್ಡ್ ಅಂತ ಹೆಸರು. ನಮ್ಮ ಮೈಯಲ್ಲಿರುವ ಕಾರ್ಟಿಸೋಲ್, ಈಸ್ಟ್ರೋಜೆನ್, ಟೆಸ್ಟೋಸ್ಟೆರೋನ್ ಎಲ್ಲವೂ ಇದೇ ಗುಂಪಿನವು. ನಾವು ಇವನ್ನ ಕೊಲೆಸ್ಟೆರಾಲ್‌ನಿಂದ ತಯಾರಿಸಿಕೊಳ್ಳುತ್ತೇವೆ. ಕೀಟಗಳಿಗೆ ಆ ಮೂಲವಸ್ತುವನ್ನ ಸ್ವಂತವಾಗಿ ಮಾಡಿಕೊಳ್ಳಲು ಬರುವುದಿಲ್ಲ, ಊಟದಿಂದಲೇ ಪಡೆಯಬೇಕು. ರೇಷ್ಮೆ ಹುಳು ಅದನ್ನ ಹಿಪ್ಪುನೇರಳೆ ಸೊಪ್ಪಿನಿಂದ ಪಡೆಯುತ್ತದೆ. ಅಂದ್ರೆ ನೀವು ತೋಟದಿಂದ ಕೊಯ್ದು ತರುವ ಸೊಪ್ಪಿನಲ್ಲಿ ಹುಳುವಿನ ಊಟ ಮಾತ್ರ ಇಲ್ಲ, ಅದರ ಹಾರ್ಮೋನಿಗೆ ಬೇಕಾದ ಸಾಮಾನೂ ಇದೆ.

ಈ ಹಾರ್ಮೋನು ಜಗತ್ತಿಗೆ ಗೊತ್ತಾಗಿದ್ದೂ ರೇಷ್ಮೆ ಹುಳುವಿನಿಂದಲೇ. 1940ರಲ್ಲಿ ಜಪಾನಿನ ಸೋಯಿಚಿ ಫುಕುದಾ ಎಂಬ ವಿಜ್ಞಾನಿ ಕೊನೇ ಹಂತದ ಹುಳುವಿನ ಎದೆಭಾಗಕ್ಕೂ ಹೊಟ್ಟೆಭಾಗಕ್ಕೂ ನಡುವೆ ದಾರ ಬಿಗಿದು ನೋಡಿದರು. ಮುಂಭಾಗ ಪ್ಯೂಪಾ ಆಯಿತು, ಹಿಂಭಾಗ ಹುಳುವಾಗಿಯೇ ಉಳಿಯಿತು. ಎದೆಭಾಗದಲ್ಲಿರುವ ಒಂದು ಗ್ರಂಥಿಯನ್ನು ಹಿಂಭಾಗಕ್ಕೆ ಸೇರಿಸಿದಾಗ ಅದೂ ಪ್ಯೂಪಾ ಆಯಿತು. ಹೀಗೆ ಗ್ರಂಥಿ ಯಾವುದು ಅಂತ ತಿಳಿಯಿತು. ಅದು ಸ್ರವಿಸುವ ವಸ್ತು ಯಾವುದು ಅಂತ ಹುಡುಕಿದವರು ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಮತ್ತು ಪೀಟರ್ ಕಾರ್ಲ್‌ಸನ್. 1954ರಲ್ಲಿ ಅವರು 500 ಕೆ.ಜಿ. ರೇಷ್ಮೆ ಪ್ಯೂಪಾಗಳನ್ನು ಅರೆದು, ಸೋಸಿ, ಶುದ್ಧಿ ಮಾಡಿ ಕೊನೆಗೆ ಪಡೆದದ್ದು 25 ಮಿಲಿಗ್ರಾಂ ಎಕ್ಡೈಸೋನ್ ಹರಳು. ಲೆಕ್ಕ ಹಾಕಿ ನೋಡಿ. ಎರಡು ಕೋಟಿ ಪಾಲಿನಲ್ಲಿ ಒಂದು ಪಾಲು!

ಇಷ್ಟು ಚೂರು ವಸ್ತು ಇಡೀ ಹುಳುವಿನ ಚರ್ಮ ಬದಲಾಯಿಸುತ್ತದೆ ಅಂದ್ರೆ, ಕೆಲಸ ಮಾಡುವುದು ಅದೊಂದೇ ಇರಲಾರದು ಅಲ್ವಾ? ಯಾರೋ ಅದಕ್ಕಾಗಿ ಕಾಯುತ್ತಾ ಕೂತಿರಬೇಕು.

ಗ್ರಾಹಕ ಮತ್ತು ಅದರ ಜೊತೆಗಾರ

ಕಾಯುತ್ತಾ ಕೂತಿರುವುದೇ ಗ್ರಾಹಕ. ಅಂಗಡಿಗೆ ಬರುವ ಗಿರಾಕಿ ಅಂತ ತಿಳ್ಕೋಬೇಡಿ. ಇಲ್ಲಿ ಗ್ರಾಹಕ ಅಂದ್ರೆ ಹಾರ್ಮೋನನ್ನು ಗುರುತಿಸಿ ಹಿಡಿದುಕೊಳ್ಳುವ ಪ್ರೋಟೀನು.

ಇನ್ಸುಲಿನ್‌ನಂಥ ಹಾರ್ಮೋನು ಜೀವಕೋಶದ ಹೊರಗೇ ನಿಲ್ಲುತ್ತದೆ. ಅದರ ಗ್ರಾಹಕ ಇರುವುದು ಕೋಶದ ಪೊರೆಯ ಮೇಲೆ. ಸ್ಟೆರಾಯ್ಡ್ ಹಾರ್ಮೋನುಗಳ ಮುಖ್ಯ ಗ್ರಾಹಕಗಳು ಕೋಶದ ಒಳಗೇ ಇರುತ್ತವೆ. ಸ್ಟೆರಾಯ್ಡ್ ಕೊಬ್ಬಿನಲ್ಲಿ ಕರಗುವುದರಿಂದ ಪೊರೆ ದಾಟಿ ತಾನಾಗಿ ಒಳಗೆ ನುಗ್ಗುತ್ತದೆ ಅಂತಲೇ ಬಹಳ ಕಾಲ ಹೇಳುತ್ತಿದ್ದರು. 2018ರಲ್ಲಿ ಹಣ್ಣುನೊಣದಲ್ಲಿ ಎಕ್ಡೈಸೋನನ್ನು ಒಳಗೆ ಬಿಟ್ಟುಕೊಳ್ಳುವ ಪ್ರೋಟೀನೊಂದು ಸಿಕ್ಕಿತು. ಬಾಗಿಲಲ್ಲೂ ಒಬ್ಬ ಸಹಾಯಕ ಇದ್ದಾನೆ ಅಂತಾಯಿತು.

ಒಳಗೆ ಹೋದ ಎಕ್ಡೈಸೋನ್ ಏನು ಮಾಡುತ್ತದೆ? 1960ರಲ್ಲಿ ಕಾರ್ಲ್‌ಸನ್ ಮತ್ತು ಉಲ್ರಿಕ್ ಕ್ಲೆವರ್ ಒಂದು ಬಗೆಯ ಸಣ್ಣ ನೊಣದ ಮರಿಗಳಿಗೆ ಎಕ್ಡೈಸೋನ್ ಚುಚ್ಚಿ, ಅವುಗಳ ದೈತ್ಯ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸ್ವಲ್ಪ ಹೊತ್ತಿನಲ್ಲೇ ಕೆಲವು ನಿರ್ದಿಷ್ಟ ಜಾಗಗಳು ಪೂರಿಯ ಹಾಗೆ ಉಬ್ಬಿದವು. ಉಬ್ಬಿದ ಕಡೆ ವಂಶವಾಹಿಗಳು, ಅಂದ್ರೆ ಜೀನ್‌ಗಳು, ಕೆಲಸ ಶುರು ಮಾಡಿದ್ದವು. ಹಾರ್ಮೋನು ನೇರವಾಗಿ ಜೀನ್‌ಗಳ ಮಟ್ಟದಲ್ಲೇ ಕೆಲಸ ಮಾಡಿಸುತ್ತದೆ ಅನ್ನುವುದನ್ನ ಮನುಷ್ಯ ಕಣ್ಣಾರೆ ಕಂಡ ಮೊದಲ ಸಂದರ್ಭಗಳಲ್ಲಿ ಇದೊಂದು.

ಎಕ್ಡೈಸೋನ್ ಗ್ರಾಹಕದ ಜೀನ್ ಹಣ್ಣುನೊಣದಲ್ಲಿ ಸಿಕ್ಕಿದ್ದು 1991ರಲ್ಲಿ. ಆದರೆ ಆ ಗ್ರಾಹಕ ಒಂದೇ ಇದ್ದರೆ ಕೆಲಸ ಸರಿಯಾಗಿ ಆಗುತ್ತಿರಲಿಲ್ಲ. ಅಲ್ಟ್ರಾಸ್ಪೈರಕಲ್ ಎಂಬ ಇನ್ನೊಂದು ಪ್ರೋಟೀನು ಜೊತೆಯಾದರೆ ಮಾತ್ರ ಅದು ಹಾರ್ಮೋನನ್ನು ಗಟ್ಟಿಯಾಗಿ ಹಿಡಿಯುತ್ತದೆ, ಡಿಎನ್‌ಎ ಮೇಲೆ ಸರಿಯಾದ ಜಾಗದಲ್ಲಿ ಕೂರುತ್ತದೆ ಅಂತ 1992, 1993ರಲ್ಲಿ ಗೊತ್ತಾಯಿತು. ನಮ್ಮ ರೇಷ್ಮೆ ಹುಳುವಿನಲ್ಲೂ ಇದೇ ಜೋಡಿ ಇದೆ. ಗಾಡಿಗೆ ಎರಡು ಎತ್ತು ಕಟ್ಟುವ ಹಾಗೆ.

ಈ ಜೋಡಿಗೂ ಇನ್ನಷ್ಟು ಸಂಗಡಿಗರಿದ್ದಾರೆ. ಹಾರ್ಮೋನು ಇಲ್ಲದ ಹೊತ್ತಿನಲ್ಲಿ ಜೋಡಿಯ ಪಕ್ಕ ತಡೆಯುವ ಪ್ರೋಟೀನುಗಳು ಕೂತು ಜೀನನ್ನು ಮುಚ್ಚಿಡುತ್ತವೆ. ಹಾರ್ಮೋನು ಬಂದು ಕೂತ ಕೂಡಲೇ ಗ್ರಾಹಕದ ಆಕಾರ ಬದಲಾಗುತ್ತದೆ. ತಡೆಯುವವರು ಜಾಗ ಬಿಡುತ್ತಾರೆ, ನೆರವಾಗುವ ಪ್ರೋಟೀನುಗಳು ಬಂದು ಸೇರುತ್ತವೆ. ಅವು ಉಂಡೆಗೆ ಸುತ್ತಿದ ನೂಲಿನ ಹಾಗಿರುವ ಡಿಎನ್‌ಎಯನ್ನು ಸಡಿಲ ಮಾಡಿ, ಜೀನನ್ನು ಓದಲು ದಾರಿ ಮಾಡಿಕೊಡುತ್ತವೆ. ಹೊಸ ಚರ್ಮ ಕಟ್ಟುವ, ಹಳೆಯದನ್ನ ಕರಗಿಸುವ ಪ್ರೋಟೀನುಗಳು ತಯಾರಾಗುತ್ತವೆ. ಅಜ್ಜಿ ಹೇಳುವ ಜ್ವರ ಇದೇ.

ಒಂದೇ ಗಂಟೆ, ಬೇರೆ ಬೇರೆ ಅರ್ಥ

ಈಗ ನಿಮಗೆ ಒಂದು ಸಂಶಯ ಬರಬೇಕು. ಹುಳು ಒಟ್ಟು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ನಾಲ್ಕು ಸಲವೂ ಎದ್ದಾಗ ಹುಳುವಾಗಿಯೇ ಇರುತ್ತದೆ. ಐದನೇ ಹಂತ ಮುಗಿದಾಗ ಮಾತ್ರ ಸೊಪ್ಪು ಬಿಟ್ಟು, ಹಣ್ಣಾಗಿ, ಚಂದ್ರಿಕೆ ಹತ್ತಿ ಗೂಡು ಕಟ್ಟುತ್ತದೆ, ಒಳಗೆ ಪ್ಯೂಪಾ ಆಗುತ್ತದೆ. ನಾಲ್ಕು ಸಲವೂ ಎಕ್ಡೈಸೋನೇ, ಐದನೇ ಸಲವೂ ಎಕ್ಡೈಸೋನೇ. ಹಾಗಾದ್ರೆ ಫಲ ಯಾಕೆ ಬೇರೆ?

ಶಾಲೆಯ ಗಂಟೆ ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಹೊಡೆದರೆ ಪ್ರಾರ್ಥನೆಗೆ ಸಾಲು ನಿಲ್ಲುತ್ತೀರಿ. ಅದೇ ಗಂಟೆ ಸಾಯಂಕಾಲ ಹೊಡೆದರೆ ಚೀಲ ಹೆಗಲಿಗೇರಿಸಿ ಮನೆಗೆ ಓಡುತ್ತೀರಿ. ಗಂಟೆಯ ಶಬ್ದ ಒಂದೇ, ಕೇಳುವ ನಿಮ್ಮ ಮನಸ್ಸಿನಲ್ಲಿರುವ ವೇಳಾಪಟ್ಟಿ ಬೇರೆ.

ಹುಳುವಿನ ವೇಳಾಪಟ್ಟಿ ಅಂದ್ರೆ ಜುವೆನೈಲ್ ಹಾರ್ಮೋನು, ಎಳೆತನ ಕಾಯುವ ಹಾರ್ಮೋನು. ಇದು ಸ್ಟೆರಾಯ್ಡ್ ಅಲ್ಲ, ಇದರ ಗ್ರಾಹಕವೂ ಬೇರೆ. ಇದು ಮೈಯಲ್ಲಿ ಸಾಕಷ್ಟಿರುವಾಗ ಎಕ್ಡೈಸೋನ್ ಬಂದರೆ ಹುಳು ಇನ್ನೂ ದೊಡ್ಡ ಹುಳು ಆಗುತ್ತದೆ. ಐದನೇ ಹಂತದಲ್ಲಿ ಇದು ಇಳಿದುಹೋದ ಮೇಲೆ ಎಕ್ಡೈಸೋನ್ ಬಂದರೆ ಹುಳು ಗೂಡು ಕಟ್ಟಿ ಪ್ಯೂಪಾ ಆಗುತ್ತದೆ. ಒಂದೇ ಹಾರ್ಮೋನು, ಒಂದೇ ಹುಳು. ಜೊತೆಗೆ ಯಾರಿದ್ದಾರೆ, ಯಾರಿಲ್ಲ ಅನ್ನುವುದರ ಮೇಲೆ ಫಲ ಬದಲಾಯಿತು.

ಅದಕ್ಕೇ ನಾನು ಹೇಳುವುದು, "ಈ ಹಾರ್ಮೋನು ಏನು ಮಾಡುತ್ತದೆ?" ಅನ್ನುವ ಪ್ರಶ್ನೆ ಸಾಲದು. "ಇದನ್ನ ಯಾರು ಕೇಳಿಸಿಕೊಳ್ಳುತ್ತಾರೆ, ಯಾರ ಜೊತೆ ನಿಂತು ಕೇಳಿಸಿಕೊಳ್ಳುತ್ತಾರೆ?" ಅಂತ ಕೇಳಬೇಕು.

ಹುಳುಮನೆಯಲ್ಲಿ ಈ ಪ್ರಶ್ನೆ

ಈ ಪ್ರಶ್ನೆ ಕೈಯಲ್ಲಿದ್ದರೆ ಹುಳುಮನೆಯ ಎಷ್ಟೋ ಸಂಗತಿಗಳು ಅರ್ಥವಾಗುತ್ತವೆ.

ಹಾಲುತೊಂಡೆ ರೋಗ ಬಂದ ಹುಳು ನೋಡಿದ್ದೀರಾ? ಮೈ ಉಬ್ಬುತ್ತದೆ, ಜ್ವರಕ್ಕೆ ಕೂರಬೇಕಾದ ಸಮಯದಲ್ಲಿ ಕೂರದೆ ತಟ್ಟೆಯ ಅಂಚಿನಲ್ಲಿ ಸುತ್ತಾಡುತ್ತದೆ, ಚರ್ಮ ಒಡೆದರೆ ಹಾಲಿನಂಥ ರಸ ಬರುತ್ತದೆ. ಇದಕ್ಕೆ ಕಾರಣ ಒಂದು ವೈರಸ್. ಆ ವೈರಸ್ಸಿನ ಬಳಿ ಒಂದು ಕಿಣ್ವದ ಜೀನ್ ಇದೆ. ಆ ಕಿಣ್ವ ಎಕ್ಡೈಸೋನ್ ಅಣುವಿಗೆ ಸಕ್ಕರೆಯ ಅಣುವೊಂದನ್ನು ಅಂಟಿಸಿಬಿಡುತ್ತದೆ. ಆಮೇಲೆ ಗ್ರಾಹಕಕ್ಕೆ ಅದರ ಗುರುತು ಸಿಗುವುದಿಲ್ಲ. ಹುಳು ಪೊರೆ ಬಿಡದೆ ತಿನ್ನುತ್ತಲೇ ಇದ್ದರೆ ವೈರಸ್ಸಿಗೆ ಹೆಚ್ಚಲು ಇನ್ನಷ್ಟು ಸಮಯ ಸಿಗುತ್ತದೆ. ಹಾರ್ಮೋನು ಮತ್ತು ಗ್ರಾಹಕದ ನಡುವಿನ ಮಾತುಕತೆ ಕೆಡಿಸಿದರೆ ಸಾಕು ಅಂತ ವೈರಸ್ಸಿನ ವಿಕಾಸಕ್ಕೂ ದಾರಿ ಸಿಕ್ಕಿದೆ ನೋಡಿ.

ಇನ್ನೊಂದು ಕಡೆ ಗಿಡಗಳ ಆಟ. ರಸ್ತೆ ಬದಿ ನಡೆದುಹೋಗುವಾಗ ನಿಮ್ಮ ಬಟ್ಟೆಗೆ ಅಂಟಿಕೊಳ್ಳುವ ಉತ್ತರಾಣಿ ಗಿಡದಲ್ಲಿ ಎಕ್ಡೈಸೋನ್ ಜಾತಿಯ ವಸ್ತು ಇದೆ. ಗಿಡಕ್ಕೆ ಪೊರೆ ಬಿಡುವ ಕೆಲಸವೇನೂ ಇಲ್ಲ. ತನ್ನನ್ನು ತಿನ್ನಲು ಬರುವ ಕೀಟಗಳ ಬೆಳವಣಿಗೆ ಹದಗೆಡಿಸಲು ಇಂಥ ವಸ್ತುಗಳು ಗಿಡಗಳಿಗೆ ಸಹಾಯ ಮಾಡುತ್ತವೆ ಅಂತ ವಿಜ್ಞಾನಿಗಳ ವಿವರಣೆ. ಗಿಡದಿಂದ ಸಿಗುವ ಇಂಥದೇ ವಸ್ತುವನ್ನು ರೇಷ್ಮೆ ಕೃಷಿಯಲ್ಲಿ ಒಳ್ಳೆಯದಕ್ಕೂ ಬಳಸುತ್ತಾರೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯ 'ಸಂಪೂರ್ಣ' ಎಂಬ ದ್ರಾವಣ ಅಂಥದ್ದು. ಕೆಲವು ಹುಳು ಹಣ್ಣಾಗಲು ಶುರುವಾದ ಮೇಲೆ ಅದನ್ನು ಸೊಪ್ಪಿಗೆ ಸಿಂಪಡಿಸಿ ಕೊಟ್ಟರೆ ಉಳಿದವೂ ಹೆಚ್ಚುಕಮ್ಮಿ ಒಟ್ಟಿಗೇ ಹಣ್ಣಾಗುತ್ತವೆ. ಎರಡು ಮೂರು ದಿನ ಹುಳು ಆರಿಸುವ ಕೆಲಸ ಉಳಿಯುತ್ತದೆ. ಆದರೆ ಬೇಗ ಮುಗಿಯಲಿ ಅಂತ ಮೊದಲೇ ಕೊಟ್ಟರೆ? ಗ್ರಾಹಕಕ್ಕೆ ಹಾರ್ಮೋನು ಸಿಕ್ಕಿತು, ಅದು ತನ್ನ ಕೆಲಸ ಶುರು ಮಾಡುತ್ತದೆ. ಹುಳು ಹೊಟ್ಟೆ ತುಂಬ ತಿನ್ನುವ ಮೊದಲೇ ಗೂಡಿಗೆ ಹೋಗುತ್ತದೆ, ಗೂಡು ಹಗುರವಾಗುತ್ತದೆ. ಔಷಧಿಯ ತಪ್ಪಲ್ಲ ಅದು, ಹೊತ್ತು ನೋಡದೆ ಕೊಟ್ಟವರ ತಪ್ಪು.

ಎಲ್ಲಕ್ಕಿಂತ ಮುಖ್ಯವಾದ್ದು ಹೊಲದ ಔಷಧಿ. ನಮ್ಮ ಕಡೆ ಹಿಪ್ಪುನೇರಳೆ ತೋಟದ ಬದುವಿನ ಆಚೆಗೇ ಟೊಮೆಟೊ, ಎಲೆಕೋಸು, ಗುಲಾಬಿ ಇರುತ್ತವೆ. ಟೆಬುಫೆನೊಜೈಡ್, ಮೆಥಾಕ್ಸಿಫೆನೊಜೈಡ್ ಎಂಬ ಕೀಟನಾಶಕಗಳು ಒಂದು ವಿಚಿತ್ರ ರೀತಿಯಲ್ಲಿ ಕೆಲಸ ಮಾಡುತ್ತವೆ. ಇವು ಸ್ಟೆರಾಯ್ಡ್ ಅಲ್ಲ, ನೋಡಲು ಎಕ್ಡೈಸೋನ್ ಹಾಗೆ ಇಲ್ಲವೇ ಇಲ್ಲ. ಆದರೂ ಎಕ್ಡೈಸೋನ್ ಗ್ರಾಹಕದೊಳಗೆ ಹೋಗಿ ಕೂರುತ್ತವೆ, ಬೇಗ ಬಿಟ್ಟು ಏಳುವುದಿಲ್ಲ. ಹುಳುವಿನ ಮೈ ಹಾರ್ಮೋನು ಬಂತು ಅಂತ ಮೋಸಹೋಗಿ ಅಕಾಲದಲ್ಲಿ ಪೊರೆ ಬಿಡಲು ಹೊರಟು, ಅದನ್ನ ಮುಗಿಸಲಾಗದೆ ಸಾಯುತ್ತದೆ. ಚಿಟ್ಟೆ, ಪತಂಗಗಳ ಮರಿಹುಳುಗಳ ಗ್ರಾಹಕಕ್ಕೆ ಇವು ಚೆನ್ನಾಗಿ ಹೊಂದಿಕೊಳ್ಳುತ್ತವೆ. ನಮ್ಮಲ್ಲಿ ಎಕ್ಡೈಸೋನ್ ಗ್ರಾಹಕವೇ ಇಲ್ಲ. ಆದ್ದರಿಂದ ಇವನ್ನು ಮನುಷ್ಯರಿಗೆ ಅಪಾಯ ಕಡಿಮೆ ಇರುವ ಔಷಧಿಗಳು ಅನ್ನುತ್ತಾರೆ. ಅದು ನಿಜವೇ. ಆದರೆ ರೇಷ್ಮೆ ಹುಳುವೂ ಒಂದು ಪತಂಗದ ಮರಿಯೇ ಅಲ್ವಾ? ಕೋಸಿನ ಹುಳುವಿಗೆ ಹೊಡೆದದ್ದು ಗಾಳಿಗೆ ಹಾರಿ ಸೊಪ್ಪಿನ ಮೇಲೆ ಕೂತರೆ, ಔಷಧಿಗೆ ಇದು ಶತ್ರು, ಇದು ನಮ್ಮ ಮನೆಯ ಹುಳು ಅಂತ ಗೊತ್ತಾಗುವುದಿಲ್ಲ. ಗ್ರಾಹಕ ಇದೆಯೋ ಇಲ್ಲವೋ ಅಷ್ಟೇ ಅದಕ್ಕೆ ಲೆಕ್ಕ. "ಇದು ಸುರಕ್ಷಿತ ಔಷಧಿ" ಅಂತ ಯಾರಾದರೂ ಹೇಳಿದರೆ "ಯಾರಿಗೆ ಸುರಕ್ಷಿತ?" ಅಂತ ಕೇಳುವುದನ್ನ ನೀವು ಕಲಿಯಬೇಕು.

ನಮ್ಮ ಮೈಯಲ್ಲಿ ಇದೇ ಕಥೆ

ಹುಳುವಿನ ಮಾತು ಬಿಟ್ಟು ನಮ್ಮ ಮೈಗೆ ಬರೋಣ. ಎಕ್ಡೈಸೋನ್ ಗ್ರಾಹಕ ನಮ್ಮಲ್ಲಿಲ್ಲ ಅಂದೆ. ಆದರೆ ಅದರ ವಂಶದ ಗ್ರಾಹಕಗಳು ಮನುಷ್ಯನಲ್ಲಿ 48 ಇವೆ. ಅದರ ಜೊತೆಗಾರ ಅಲ್ಟ್ರಾಸ್ಪೈರಕಲ್‌ಗೂ ನಮ್ಮಲ್ಲೊಬ್ಬ ದಾಯಾದಿ ಇದ್ದಾನೆ, ಹೆಸರು ಆರ್‌ಎಕ್ಸ್‌ಆರ್. ನೀವು ಬಿಸಿಲಲ್ಲಿ ಆಡುವಾಗ ಚರ್ಮದಲ್ಲಿ ಡಿ ಜೀವಸತ್ವ ತಯಾರಾಗುತ್ತದೆ. ಅದು ಯಕೃತ್ತು, ಮೂತ್ರಪಿಂಡಗಳಲ್ಲಿ ಬದಲಾಗಿ ಹಾರ್ಮೋನಿನ ರೂಪ ಪಡೆಯುತ್ತದೆ. ಅದರ ಗ್ರಾಹಕ ಈ ಆರ್‌ಎಕ್ಸ್‌ಆರ್ ಜೊತೆ ಜೋಡಿಯಾಗಿಯೇ ಕರುಳಿಗೆ ಕ್ಯಾಲ್ಸಿಯಂ ಹೀರಿಕೊಳ್ಳಲು ಹೇಳುವುದು. ಹುಳುವಿನ ಜ್ವರಕ್ಕೂ ನಿಮ್ಮ ಮೂಳೆಯ ಗಟ್ಟಿತನಕ್ಕೂ ಒಂದೇ ಮನೆತನದ ಪ್ರೋಟೀನುಗಳು ದುಡಿಯುತ್ತಿವೆ.

ಅಪರೂಪಕ್ಕೆ ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಡಿ ಜೀವಸತ್ವದ ಗ್ರಾಹಕ ಸರಿಯಿರುವುದಿಲ್ಲ. ಅವರ ರಕ್ತದಲ್ಲಿ ಹಾರ್ಮೋನು ಮಾಮೂಲಿಗಿಂತ ಹೆಚ್ಚೇ ಇರುತ್ತದೆ. ಆದರೂ ಮೂಳೆ ಮೆತ್ತಗಾಗಿ ಕಾಲು ಬಾಗುತ್ತದೆ. ಹಾರ್ಮೋನು ಎಷ್ಟು ಕೂಗಿದರೇನು, ಕೇಳುವವರಿಲ್ಲ.

ಇನ್ನು ಕಾರ್ಟಿಸೋಲ್. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಬರುವ ಈ ಹಾರ್ಮೋನಿನ ಗ್ರಾಹಕದ ಜೀನನ್ನು ವಿಜ್ಞಾನಿಗಳು ಪತ್ತೆಹಚ್ಚಿ ಓದಿದ್ದು 1985ರಲ್ಲಿ. ಹಾರ್ಮೋನು ಇಲ್ಲದಾಗ ಈ ಗ್ರಾಹಕ ಕೋಶದ್ರವದಲ್ಲಿ ಎಚ್‌ಎಸ್‌ಪಿ 90 ಎಂಬ ಪ್ರೋಟೀನಿನ ಆಸರೆಯಲ್ಲಿರುತ್ತದೆ. ಮಗು ಬೀಳದ ಹಾಗೆ ತಾಯಿ ಹಿಡಿದುಕೊಂಡಂತೆ, ಈ ಪ್ರೋಟೀನು ಗ್ರಾಹಕದ ಆಕಾರ ಕೆಡದ ಹಾಗೆ ಹಿಡಿದಿಡುತ್ತದೆ. ಕಾರ್ಟಿಸೋಲ್ ಬಂದು ಸೇರಿದ ಮೇಲೆ ಗ್ರಾಹಕ ಕೋಶಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ನೆರವಾಗುವ ಪ್ರೋಟೀನುಗಳನ್ನು ಕೂಡಿಕೊಂಡು ಕೆಲವು ಜೀನ್‌ಗಳನ್ನು ತೆರೆಯುತ್ತದೆ, ಕೆಲವನ್ನು ಮುಚ್ಚುತ್ತದೆ. ಯಕೃತ್ತಿನಲ್ಲಿ ಸಕ್ಕರೆ ತಯಾರಿಸು ಅನ್ನುತ್ತದೆ, ಊತ ತರುವ ರಕ್ಷಣಾ ಕೋಶಗಳಿಗೆ ಸುಮ್ಮನಿರು ಅನ್ನುತ್ತದೆ, ಚರ್ಮದ ಕೋಶಕ್ಕೆ ಕೊಲಾಜೆನ್ ಕಡಿಮೆ ಮಾಡು ಅನ್ನುತ್ತದೆ. ಈ ಗ್ರಾಹಕ ಇಲ್ಲದ ಕೋಶ ನಮ್ಮ ಮೈಯಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಈಗ ಮುಖ ಬೆಳ್ಳಗಾಗಲಿ ಅಂತ ಅಂಗಡಿಯಿಂದ ತಂದು ಹಚ್ಚುವ ಕೆಲವು ಟ್ಯೂಬ್ ಕ್ರೀಮುಗಳ ವಿಷಯ. ಅವುಗಳಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತ ಬರೆದಿದ್ದರೆ ಅವು ಕಾರ್ಟಿಸೋಲ್ ಗ್ರಾಹಕವನ್ನೇ ಹಿಡಿಯುವ, ಕಾರ್ಟಿಸೋಲ್‌ಗಿಂತ ಬಲವಾದ ಸ್ಟೆರಾಯ್ಡುಗಳು. ಮೊದಲ ಕೆಲವು ದಿನ ಮುಖ ತಿಳಿಯಾಗುತ್ತದೆ, ಮೊಡವೆಯ ಕೆಂಪು ಇಳಿಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಕೆಂಪು ನರಗಳಂತೆ ರಕ್ತನಾಳ ಕಾಣುತ್ತದೆ, ಮೊಡವೆ ಹೆಚ್ಚುತ್ತದೆ, ಮುಖದ ಮೇಲೆ ಕೂದಲು ಬೆಳೆಯಬಹುದು. ಬಿಟ್ಟರೆ ಉರಿ, ಅದಕ್ಕೇ ಮತ್ತೆ ಹಚ್ಚುವ ಚಾಳಿ. ಇಂಥ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿದೆ. ಆದರೆ ನಿಯಮಕ್ಕಿಂತ ಮೊದಲು ನಿಮಗೇ ತಿಳಿದಿರಲಿ. ಹಚ್ಚುವ ನಿಮಗೆ ಬೇಕಾಗಿದ್ದು ಬಣ್ಣ ಒಂದೇ. ಗ್ರಾಹಕಕ್ಕೆ ನಿಮ್ಮ ಆಸೆ ಗೊತ್ತಿಲ್ಲ, ತನ್ನ ಎಲ್ಲಾ ಕೆಲಸಗಳನ್ನೂ ಒಟ್ಟಿಗೇ ಮಾಡುತ್ತದೆ. ನಿಮ್ಮ ಮುಖದ ಬಣ್ಣದಲ್ಲಿ ಗುಣಪಡಿಸಬೇಕಾದ್ದೇನೂ ಇಲ್ಲ ಅನ್ನುವುದು ನನ್ನ ಇನ್ನೊಂದು ಅಭಿಪ್ರಾಯ.

ಇದನ್ನು ಓದಿ ಸ್ಟೆರಾಯ್ಡ್ ಅಂದ್ರೇ ವಿಷ ಅಂತ ಹೆದರಿಕೊಳ್ಳಬೇಡಿ. ಅದೂ ಅರ್ಧ ತಿಳಿವಳಿಕೆಯೇ. ಉಬ್ಬಸ ಇರುವ ಮಕ್ಕಳಿಗೆ ವೈದ್ಯರು ಕೊಡುವ ಕೆಲವು ಇನ್‌ಹೇಲರ್‌ಗಳಲ್ಲಿ ಇರುವುದೂ ಇದೇ ಜಾತಿಯ ಔಷಧಿ. ಸ್ವಲ್ಪ ಪ್ರಮಾಣ, ನೇರವಾಗಿ ಶ್ವಾಸನಾಳಕ್ಕೆ. ಅಲ್ಲಿನ ಕೋಶಗಳ ಗ್ರಾಹಕ ಊತದ ಜೀನ್‌ಗಳನ್ನು ಮುಚ್ಚುತ್ತದೆ, ಮಗು ರಾತ್ರಿ ನೆಮ್ಮದಿಯಾಗಿ ಉಸಿರಾಡುತ್ತದೆ. "ಸ್ಟೆರಾಯ್ಡ್ ಅಂತೆ, ಬೇಡ" ಅಂತ ನೆರೆಯವರ ಮಾತಿಗೆ ಅದನ್ನ ನಿಲ್ಲಿಸಿದರೆ ಕಷ್ಟ ಪಡುವುದು ಮಗು. ಬಹಳ ದಿನದಿಂದ ಸ್ಟೆರಾಯ್ಡ್ ಮಾತ್ರೆ ತಗೊಳ್ಳುತ್ತಿರುವ ತಾತನೋ ಅಜ್ಜಿಯೋ ಮನೆಯಲ್ಲಿದ್ದರೆ ಅದನ್ನು ಏಕಾಏಕಿ ನಿಲ್ಲಿಸುವುದೂ ಅಪಾಯ. ಹೊರಗಿನಿಂದ ಸಿಗುತ್ತಿದ್ದ ಕಾರಣ ಅವರ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಕಡಿಮೆ ಮಾಡಿಕೊಂಡಿರುತ್ತದೆ. ವೈದ್ಯರು ಮೆಲ್ಲಮೆಲ್ಲಗೆ ಇಳಿಸುತ್ತಾರೆ. ಹೆದರಿಕೆಯೂ ಬೇಡ, ಉಡಾಫೆಯೂ ಬೇಡ. ಯಾವ ಕೋಶಕ್ಕೆ, ಎಷ್ಟು, ಎಷ್ಟು ದಿನ ಅಂತ ಕೇಳಿ.

ನಾನು ನಿಮ್ಮಿಂದ ಕೇಳುವುದು

ಇದೆಲ್ಲಾ ಪರೀಕ್ಷೆಗೆ ಬರಲ್ಲ, ಮಕ್ಕಳಿಗೆ ಹೊರೆ ಅಂತ ನನ್ನ ಸಹೋದ್ಯೋಗಿಗಳೇ ಕೆಲವರು ಹೇಳುತ್ತಾರೆ. ಅವರ ಮಾತಲ್ಲೂ ನ್ಯಾಯ ಇದೆ. ಇಲ್ಲಿ ಬಂದ ಹೆಸರುಗಳನ್ನೆಲ್ಲಾ ನೀವು ಬಾಯಿಪಾಠ ಮಾಡಬೇಕಿಲ್ಲ. ಯಾರು ಕೇಳಿಸಿಕೊಳ್ಳುತ್ತಾರೆ, ಯಾರ ಜೊತೆ ನಿಂತು, ಆ ಒಂದು ಪ್ರಶ್ನೆ ಉಳಿದರೆ ಸಾಕು. ಹಾರ್ಮೋನಿನ ಪಟ್ಟಿ ಬರೆಯುವಾಗ ಪಕ್ಕದಲ್ಲಿ "ಗ್ರಾಹಕ ಎಲ್ಲಿದೆ?" ಅಂತ ಇನ್ನೊಂದು ಕಾಲಂ ಹಾಕಿಕೊಳ್ಳಿ. ಮೇಷ್ಟ್ರಿಗೆ ಉತ್ತರ ಗೊತ್ತಿಲ್ಲದಿದ್ದರೆ ಅವರೂ ಹುಡುಕುತ್ತಾರೆ, ಒಳ್ಳೆಯದೇ ಆಯಿತು.

ಮನೆಯಲ್ಲಿ ಹುಳು ಸಾಕುವವರು ಒಂದು ನೋಟ್‌ಬುಕ್ ಇಡಿ. ಯಾವ ದಿನ, ಎಷ್ಟು ಗಂಟೆಗೆ ಹುಳು ಜ್ವರಕ್ಕೆ ಕೂತಿತು, ಯಾವಾಗ ಎದ್ದಿತು, ಹುಳುಮನೆಯ ಉಷ್ಣತೆ ಎಷ್ಟಿತ್ತು, ಎಲ್ಲಾ ಹುಳು ಒಟ್ಟಿಗೇ ಎದ್ದವಾ ಅಂತ ಬರೆಯಿರಿ. ಮಾರ್ಗಶಿರದ ಚಳಿಯಲ್ಲಿ ಒಂದು ಬೆಳೆ, ಬೇಸಿಗೆಯಲ್ಲಿ ಒಂದು ಬೆಳೆ ಬರೆದು ಹೋಲಿಸಿದರೆ ನಿಮಗೇ ವ್ಯತ್ಯಾಸ ಕಾಣುತ್ತದೆ. ದಾರ ಬಿಗಿಯುವ ಪ್ರಯೋಗ ಮಾಡಲು ಹೋಗಬೇಡಿ, ಅದು ಆಗಲೇ ಆಗಿಹೋಗಿದೆ. ಪಕ್ಕದ ಹೊಲದವರು ಔಷಧಿ ಹೊಡೆಯುವ ದಿನ ಬಾಟಲಿಯ ಮೇಲಿನ ಹೆಸರನ್ನ ಕೇಳಿ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಗಾಳಿ ತೋಟದ ಕಡೆ ಬೀಸುತ್ತಿದ್ದರೆ, "ಅಣ್ಣಾ, ನಮ್ಮ ಸೊಪ್ಪು ಕೊಯ್ದ ಮೇಲೆ ಹೊಡೀತೀರಾ?" ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಕನ್ನಡ ಶಾಲೆಯ ಮಕ್ಕಳಿಗೆ ವಿಜ್ಞಾನ ದೂರ, ಅದೆಲ್ಲಾ ಇಂಗ್ಲಿಷಿನಲ್ಲಿ ಎಲ್ಲೋ ನಡೆಯುವ ಕೆಲಸ ಅಂತ ನಮ್ಮ ಗಡಿನಾಡಿನಲ್ಲಿ ಒಂದು ಕೀಳರಿಮೆ ಇದೆ. ಕೇಂದ್ರ ರೇಷ್ಮೆ ಮಂಡಳಿಯವರು ನೂರಾರು ರೇಷ್ಮೆ ಹುಳು ತಳಿಗಳನ್ನೂ ಹಿಪ್ಪುನೇರಳೆ ತಳಿಗಳನ್ನೂ ಕಾಪಾಡಿಕೊಂಡು ಬರುತ್ತಿರುವ ಕೇಂದ್ರ ಇರುವುದು ನಮ್ಮ ಹೊಸೂರಿನಲ್ಲೇ. ಸ್ಟೆರಾಯ್ಡ್ ಹಾರ್ಮೋನಿನ ದೊಡ್ಡ ಪಾಠವೊಂದನ್ನು ಜಗತ್ತಿಗೆ ಕಲಿಸಿದ ಹುಳು ನಿಮ್ಮ ಮನೆಯ ತಟ್ಟೆಯಲ್ಲಿದೆ. ಅದರ ಹಂತಗಳಿಗೆಲ್ಲಾ ನಿಮ್ಮ ಅಜ್ಜಿಯ ಬಾಯಲ್ಲಿ ಕನ್ನಡದ ಹೆಸರಿದೆ. ಚಾಕಿ, ಜ್ವರ, ಹಣ್ಣು, ಚಂದ್ರಿಕೆ, ಗೂಡು ಅಂತ.

ಕೊನೇ ಬೆಂಚಿನ ಆ ಹುಡುಗ ಮಾರನೇ ದಿನ ಬಂದು, "ಅಜ್ಜಿಗೆ ಹೇಳ್ದೆ ಸಾರ್, ಜ್ವರ ಅಂದ್ರೆ ಕಾಯಿಲೆ ಅಲ್ಲ, ಹುಳದ ಮೈ ಹಾರ್ಮೋನು ಕೇಳಿಸ್ಕೊಳ್ತಿರೋದು ಅಂತ" ಅಂದ. "ಅಜ್ಜಿ ಏನಂದ್ರು?" ಅಂತ ಕೇಳಿದೆ. "ಅದಕ್ಕೇ ಕಣೋ ಆಗ ಸದ್ದು ಮಾಡ್ಬೇಡ ಅನ್ನೋದು ಅಂದ್ರು ಸಾರ್."

ತರಗತಿ ನಕ್ಕಿತು. ನೀವೂ ನಿಮ್ಮ ಮನೆಯಲ್ಲಿ ಹೇಳಿ ನೋಡಿ, ಏನಂತಾರೆ ಅಂತ ನಮಗೆ ಬರೆದು ಕಳಿಸಿ.